ಸೊಂಟಮಟ್ಟದ ನೀರು

ಕೊಕ್ಕನೂರಿನಲ್ಲಿ ಹುಟ್ಟಿ ಹರಿಹರಕ್ಕೆ ಸೊಸೆಯಾಗಿ ಬಂದ ಮೈಲಮ್ಮನಿಗೆ ಸಿಟ್ಟು ಹೊಸದಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೈಮುಟ್ಟಲು ಬಂದ ಮೇಸ್ತ್ರಿಯ ಮೇಲೆ ಕಾದ ಮರಳು ಎರಚಿದವಳು ಅವಳು. ಆದರೆ ೧೯೯೮ರ ಬೇಸಿಗೆಯ ಸಿಟ್ಟು ಬೇರೆ.

ಅವಳು ಕ್ರೈಸ್ತ ಸಭೆ ಸೇರಿ ದೀಕ್ಷಾಸ್ನಾನ ಪಡೆದು ಏಳೆಂಟು ವರ್ಷವಾಗಿತ್ತು. ಗಂಡ ಸೂರಪ್ಪ, ಹಮಾಲಿ, ಅಷ್ಟೂ ಕಾಲ ಪ್ರಾರ್ಥನಾ ಮಂದಿರದ ಹೊರಗೆ ಬೀಡಿ ಸೇದುತ್ತ ಅವಳಿಗಾಗಿ ಕಾಯುತ್ತಿದ್ದ. ಒಂದು ಭಾನುವಾರ ತಾನಾಗಿಯೇ ಒಳಗೆ ಬಂದು ಕೂತ. ಬೇಸಿಗೆಯ ಹೊತ್ತಿಗೆ ತನಗೂ ದೀಕ್ಷಾಸ್ನಾನ ಬೇಕೆಂದ. ಆ ಸಭೆಯವರು ತಲೆಗೆ ನೀರು ಚಿಮುಕಿಸುವವರಲ್ಲ. ತುಂಗಭದ್ರೆಯಲ್ಲಿ ಪೂರ್ತಿ ಮುಳುಗಿಸಬೇಕು, ಅದಕ್ಕೆ ಸೊಂಟಮಟ್ಟ ನೀರಿರಬೇಕು ಎಂಬುದು ಸಭೆ ನಡೆಸುವ ಹಿರಿಯ ಸಮುವೇಲಪ್ಪನವರ ನಿಯಮ. ಹೊಳೆಯಲ್ಲಿ ಆಗ ಮೊಣಕಾಲೂ ಮುಳುಗುತ್ತಿರಲಿಲ್ಲ. ತೊಟ್ಟಿಯಲ್ಲಾದರೂ ಮುಳುಗಿಸಿ ಎಂದು ಸೂರಪ್ಪ ಕೇಳಿದಾಗ, ನೀನೇನು ಎಮ್ಮೆಯೇನಪ್ಪಾ ಎಂದು ನಕ್ಕು, ಮಳೆ ಬರಲಿ ಎಂದಿದ್ದರು. ಮಳೆಗೆ ಮೊದಲೇ ಸೂರಪ್ಪ ಮೂಟೆ ಹೊತ್ತಲ್ಲೇ ಎದೆ ಹಿಡಿದುಕೊಂಡು ಕುಸಿದ.

ಮೈಲಮ್ಮ ಸಭೆಯ ಸಮಾಧಿ ನೆಲದಲ್ಲಿ ಜಾಗ ಕೇಳಿದಳು. ಸ್ನಾನವಾಗದವರಿಗೆ ಅಲ್ಲಿ ಜಾಗವಿಲ್ಲ ಎಂದರು ಸಮುವೇಲಪ್ಪ. ಅಷ್ಟಕ್ಕೆ ನಿಲ್ಲಿಸಲಿಲ್ಲ.

"ದುಃಖ ಪಡಬ್ಯಾಡಮ್ಮ. ದೇವರು ಆರಿಸಿಕೊಂಡಿದ್ರೆ ಮಳೆಗಾಲದ ತನಕ ಆಯುಷ್ಯ ಕೊಡ್ತಿದ್ದ."

ಹೆಣದ ಮಗ್ಗುಲಲ್ಲಿ ಕೂತಿದ್ದ ಮೈಲಮ್ಮ ಎದ್ದು ನಿಂತಳು.

"ತೊಟ್ಟಿ ಬ್ಯಾಡ ಅಂದೋರು ನೀವು. ಅದನ್ಯಾಕ ದೇವರ ತಲಿಗೆ ಕಟ್ತೀರಿ? ಲೋಕ ಹುಟ್ಟೋಕೆ ಮೊದ್ಲೇ ತನ್ನೋರನ್ನ ಆರಿಸ್ಯಾನೆ, ನಮ್ಮ ಪುಣ್ಯ ನೋಡಿ ಅಲ್ಲ, ಬರೀ ಕೃಪೆಯಿಂದ ಅಂತ ವಾರವಾರ ಹೇಳ್ತೀರಲ್ಲ. ಪುಣ್ಯ ನೋಡದೋನು ಹೊಳ್ಯಾಗಿನ ನೀರು ಅಳೆದು ಆರಿಸಿದ್ನೇನ್ರಿ?"

ದಾವಣಗೆರೆಯ ಪಾಸ್ಟರನ್ನು ಕೇಳಿ ಬರುತ್ತೇನೆಂದು ಸಮುವೇಲಪ್ಪ ಚಪ್ಪಲಿ ಮೆಟ್ಟಿದರು. ಈ ಬಿಸಿಲಿಗೆ ಹೆಣ ಕಾಯುವುದಿಲ್ಲ ಎಂದು ಮೈಲಮ್ಮ ಹಾರೆ, ಸಲಿಕೆ ಹಿಡಿದು ಸಮಾಧಿ ನೆಲಕ್ಕೆ ನಡೆದು, ಬೇಲಿಯ ಪಕ್ಕ ಅಗೆಯತೊಡಗಿದಳು. ಸಭೆಯ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸಿಕ್ಕಿಸಿಕೊಂಡು ಮಣ್ಣೆತ್ತಲು ಬಂದರು. ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದ ಸಮುವೇಲಪ್ಪ ತಿರುಗಿ ಬಂದು, ಚಪ್ಪಲಿ ಕಳಚಿ ಗುಂಡಿಯ ಹತ್ತಿರ ನಿಂತರು.

"ಬೇಲಿ ಮಗ್ಗುಲ ಬ್ಯಾಡಮ್ಮ. ನಮ್ಮಪ್ಪನ ಗೋರಿ ಪಕ್ಕ ಜಾಗ ಐತೆ."

ಮೈಲಮ್ಮ ಹಾರೆ ಎತ್ತಿಕೊಂಡು ಅಲ್ಲಿಗೆ ಹೋದಳು. ಅವರು ಕೈ ಚಾಚಿದರೂ ಹಾರೆ ಕೊಡಲಿಲ್ಲ. ಹೆಣ ತಂದು ಗುಂಡಿಗೆ ಇಳಿಸಿದ ಮೇಲೆ ಸಮುವೇಲಪ್ಪ ಬೈಬಲ್ ತೆರೆದಾಗ, ಲೋಕ ಹುಟ್ಟುವ ಮೊದಲೇ ಆರಿಸಿಕೊಂಡ ಎಂಬ ಆ ವಾಕ್ಯವನ್ನೇ ಓದಬೇಕು, ಸೂರಪ್ಪನ ಹೆಸರು ಸೇರಿಸಿ ಓದಬೇಕು ಎಂದಳು. ಅವರು ಓದಿದರು. ದನಿ ಸಣ್ಣದಾಯಿತೆಂದು ಮತ್ತೊಮ್ಮೆ ಓದಿಸಿದಳು.