ಮೊಣಕಾಲು ಮಡಚುವ ಕೆಲಸ

ಮೊದಲು ಒಂದು ಬೊಕ್ಕೆ. ಬಲ ಮೊಣಕಾಲಿನ ಕೆಳಗೆ, ಉದ್ದಿನಕಾಳಿನಷ್ಟು. ಉರಿ. ತುರಿಕೆ. ಬಿಸಿಲಿಗೆ ಎದ್ದದ್ದೆಂದು ಸುಮ್ಮನಿದ್ದೆ. ಅದು ಒಡೆದಾಗ ಒಳಗಿನಿಂದ ಬಿಳಿ ದಾರದ ತುದಿಯೊಂದು ಹೊರಗೆ ಬಂತು.

ನಾರುಹುಣ್ಣು.

ಸವಣೂರಿನ ನಮ್ಮ ಓಣಿಗೆ ಅದು ಹೊಸದಲ್ಲ. ಮೆಟ್ಟಿಲಿಳಿದು ನೀರು ತುಂಬುವ ಬಾವಿಯಿಂದ ಬರುತ್ತದೆ ಎನ್ನುತ್ತಾರೆ. ದಾರದಂತೆ ಕಾಣುವ ಆ ಹುಳವನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ಹೊರಗೆ ಎಳೆಯಬೇಕು. ನನ್ನದು ವೀಳ್ಯದೆಲೆ ವ್ಯಾಪಾರ. ಮನೆಯಲ್ಲಿ ಕೂತರೆ ಎಲೆ ಬಾಡುತ್ತದೆ. ಬಂಕಾಪುರದ ಸಂತೆಗೆ ಹೋದ ದಿನ, ಬಂಡಿ ಇಳಿಯುವಾಗ ಹುಳ ಒಳಗೇ ತುಂಡಾಯಿತು. ಮೊಣಕಾಲು ಬಾತು ಕುಂಬಳಕಾಯಿಯಾಯಿತು. ಜ್ವರ, ಕೀವು, ದವಾಖಾನೆ, ಆಪರೇಶನ್, ಡ್ರೆಸ್ಸಿಂಗ್. ಮಳೆಗಾಲ ಪೂರ್ತಿ ಮಲಗಿದೆ. ಗಾಯ ಮಾಯುವಷ್ಟರಲ್ಲಿ ಕಾಲು ಕೋಲಿನಂತೆ ಸೆಟೆದಿತ್ತು.

ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಊಟದ ಹೊತ್ತು. ನಮ್ಮ ಮನೆಯಲ್ಲಿ ಗಂಡಸರು ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ಅಡ್ಡಣಿಗೆಯ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಾರೆ. ಮನೆಗೆ ಬಂದ ಜಂಗಮರ ಮುಂದೆ ಕಾಲು ಚಾಚಿ ಉಣ್ಣುವುದು ಹೇಗೆ? ನನ್ನ ತಾಟು ಮಂಚಕ್ಕೆ ಬಂತು. ಸಾಲಿನಲ್ಲಿ ನನ್ನ ಜಾಗಕ್ಕೆ ತಮ್ಮ ಬಂದು ಕೂತ. ನಾನು ಗೋಡೆಯ ಕಡೆ ತಿರುಗಿ ಉಂಡೆ.

ಶಿಗ್ಗಾಂವಿಯ ಡಾಕ್ಟರು ಮೊಣಕಾಲನ್ನು ಒತ್ತಿ ನೋಡಿದರು.

"ಮೊದಲ ಸೈಕಲ್ ಹೊಡೀತಿದ್ರೇನ್ರಿ?"

"ಹೊಡೀತಿದ್ದೆರಿ. ಲಗ್ನ ಆದ ಮ್ಯಾಲ ಬಿಟ್ಟೆರಿ. ಯಜಮಾನಕಿ ಬಂತು, ಬಂಡ್ಯಾಗ ಅಡ್ಡಾಡೂದ ಆತ್ರಿ."

"ಮತ್ತ ಶುರು ಮಾಡ್ರಿ. ಕಾಲು ತಾನಾಗೇ ಮಡಚೂದಿಲ್ಲ, ಮಡಚಸಬೇಕು."

ಹಳೆಯ ಸೈಕಲ್ಲು ಕೊಟ್ಟಿಗೆಯ ತೊಲೆಗೆ ನೇತಾಡುತ್ತಿತ್ತು. ಅದರ ಟಯರು ಸೀಳಿದ್ದವು; ಮಹಾಯುದ್ಧದ ದಿನಗಳು, ಹೊಸವು ಎಲ್ಲಿಯೂ ಸಿಗಲಿಲ್ಲ. ಕೊಟ್ಟಿಗೆಯಲ್ಲೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ತುಳಿಯತೊಡಗಿದೆ. ಪೆಡಲು ಪೂರಾ ತಿರುಗುತ್ತಿರಲಿಲ್ಲ. ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ. ಕಣ್ಣಲ್ಲಿ ನೀರು. ಎಮ್ಮೆ ಮೆಲುಕು ಹಾಕುತ್ತಾ ನೋಡುತ್ತಿತ್ತು. ಅವ್ವ ಕಸ ಹೊಡೆಯುತ್ತಾ ಕೇಳಿದಳು:

"ಬಂಕಾಪುರ ಮುಟ್ಟಿದೇನಪಾ?"

"ಇನ್ನೂ ಎಮ್ಮೀನ ದಾಟಿಲ್ಲಬೇ."

ಬೇಸತ್ತು ಬಿಟ್ಟ ದಿನಗಳೂ ಇವೆ. ಬಿಟ್ಟ ಮರುದಿನ ಕಾಲು ಇನ್ನಷ್ಟು ಬಿಗಿಯುತ್ತಿತ್ತು, ಹಾಗಾಗಿ ಮತ್ತೆ ಹತ್ತುತ್ತಿದ್ದೆ. ಹರೆಯದಲ್ಲಿ ಇದೇ ಸೈಕಲ್ಲಿನ ಮೇಲೆ ಎರಡೂ ಕೈ ಬಿಟ್ಟು ಹಾಡಿಕೊಂಡು ಹೋಗುತ್ತಿದ್ದವನು ಈಗ ಒಂದು ಸುತ್ತಿಗಾಗಿ ಹಲ್ಲು ಕಚ್ಚುತ್ತಿದ್ದೇನಲ್ಲ ಎಂದು ನಗು ಬರುತ್ತಿತ್ತು, ಅದರ ಹಿಂದೆಯೇ ಅಳುವೂ.

ಒಂದು ಮುಂಜಾನೆ ಪೆಡಲು ಪೂರಾ ಸುತ್ತಿತು.

ಟಯರು ಸಿಕ್ಕ ಮೇಲೆ ಹುಲಗೂರಿನ ದಾರಿಯಲ್ಲಿ ನಿಧಾನವಾಗಿ ಹೋಗಿಬರತೊಡಗಿದೆ. ಹಸಿವು ಹುಟ್ಟಿತು, ನಿದ್ದೆ ಬಂತು. ಮೊನ್ನೆ ಸಂಜೆ ಕೈ ತೊಳೆದು ಮಂಚದ ಕಡೆ ಹೊರಟರೆ ಅಲ್ಲಿ ತಾಟಿರಲಿಲ್ಲ. ಹೆಂಡತಿ ನನ್ನನ್ನು ಕೇಳದೆಯೇ ನನ್ನ ಅಡ್ಡಣಿಗೆಯನ್ನು ಸಾಲಿನಲ್ಲಿ ಹಾಕಿದ್ದಳು. ತಮ್ಮ ಆಗಲೇ ಸರಿದು ಕೂತಿದ್ದ. ಗೋಡೆ ಹಿಡಿದು ಮೆಲ್ಲಗೆ ನೆಲಕ್ಕಿಳಿದೆ. ಕಾಲು ಪೂರ್ತಿ ಮಡಚಲಿಲ್ಲ; ಮೊಣಕಾಲು ಮೇಲೆದ್ದೇ ಇತ್ತು. ಆದರೂ ಕೂತೆ.

ಉಂಡಾದ ಮೇಲೆ ಏಳಲು ಆಗಲಿಲ್ಲ. ಒಂದು ಕೈಯನ್ನು ತಮ್ಮ ಹಿಡಿದ, ಇನ್ನೊಂದನ್ನು ಹೆಂಡತಿ.

"ನಾಳೆ ಮಂಚಕ್ಕ ಕೊಡ್ಲೇನ್ರಿ?" ಎಂದಳು.

"ಬ್ಯಾಡ," ಎಂದೆ. "ಎಬ್ಬಸಾಕ ನೀವ ಅದೀರಲ್ಲ."