ಟೀವಿಯ ಸೂಲಗಿತ್ತಿ

ಹತ್ತಿರ ಬನ್ನಿ, ಈ ಮಾತು ಅಮೆರಿಕದ ಈ ಇರ್ವಿಂಗ್ ಊರು ದಾಟಬಾರದು. ನಾನು ಮಗಳ ಬಾಣಂತನಕ್ಕೆ ಬಂದಾಗಿನಿಂದ ಪಕ್ಕದ್ಮನೆ ವಿಮಲಮ್ಮ ದಿನಾ ನಮ್ಮಲ್ಲಿಗೆ ಬಂದು ಇಂಗ್ಲಿಷ್ ಸೀರಿಯಲ್ ನೋಡ್ತಾರೆ, ಹಳೇ ಕಾಲದ ಸೂಲಗಿತ್ತಿಯರ ಕಥೆ. ಮೊನ್ನೆ ಅದರಲ್ಲಿ ಕ್ರಿಸ್‌ಮಸ್. ಸೂಲಗಿತ್ತಿ ಹಿಮ ತುಳ್ಕೊಂಡು ಹೋಗಿ ಹೆರಿಗೆ ಮಾಡಿಸಿದ್ದೇ ತಡ, ಈಯಮ್ಮ ಸೆರಗು ನೆನೆಯೋ ಹಾಗೆ ಅತ್ತರು. "ದೇವತೆ ಕಣ್ರೀ!"

ಇದೇ ಮಹಾತಾಯಿ ಹಿಂದಿನ ವಾರ, ತುಂಬಿದ ಬಸುರಿ ಸೊಸೆ "ಮನೆಯಲ್ಲೇ ಹೆರ್ತೀನಿ, ಮಿಡ್‌ವೈಫ್ ಗೊತ್ತುಮಾಡಿದ್ದೀನಿ" ಅಂದಿದ್ದಕ್ಕೆ, "ಸೂಲಗಿತ್ತಿ ಹೊಸಲು ತುಳಿದರೆ ನಾನು ಮೈಸೂರಿಗೆ ಹೊರಟೆ!" ಅಂತ ಕೂಗಾಡಿದ್ದು ಬೇಲಿಯಾಚೆ ನಮಗೂ ಕೇಳಿಸಿತ್ತು. ಪಾಪ, ಸೊಸೆ ಇನ್ನೂ ಅತ್ತೆ ಜೊತೆ ಮಾತಾಡ್ತಿಲ್ಲ.

ನಾನು ಬಿಡ್ತೀನಾ? "ಟೀವಿಯವಳು ದೇವತೆ, ಸೊಸೆ ಕರೆದವಳು ಮಾರಿಯೇನ್ರೀ?" ಅಂದೆ.

ವಿಮಲಮ್ಮ ಕಣ್ಣೊರೆಸಿಕೊಂಡು ನನ್ನ ಕೈಲಿದ್ದ ಲೋಟ ನೋಡಿದರು. "ಬಾಣಂತನ ಮಾಡೋಕೆ ಬಂದೋರು ನೀವಲ್ವಾ? ಮತ್ತೆ ಈ ಕಾಫಿನ ಬಾಣಂತಿ ಯಾಕ್ರೀ ಮಾಡಿಕೊಟ್ಟಳು?"