ಹೊಲ ಕಾಯುತ್ತಿದ್ದ ವಕೀಲರ ಕೋಟು

ಅರವತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದ ಲಾ ಕಾಲೇಜಿನಲ್ಲಿ ಗುಮಾಸ್ತನಾಗಿದ್ದೆ. ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಫೋಟೋ ಗೋಡೆಗೆ ಹಾಕಬೇಕು, ಎಲ್ಲರೂ ಕರಿ ಕೋಟಿನಲ್ಲೇ ಇರಬೇಕು ಎಂದು ಪ್ರಿನ್ಸಿಪಾಲರ ಹುಕುಂ ಆಯಿತು. ಫೋಟೋಗ್ರಾಫರನನ್ನು ಕರೆದುಕೊಂಡು ಮುಂಡಗೋಡ ಹತ್ತಿರದ ಚಿಗಳ್ಳಿಗೆ ಹೋದೆ. ಅಲ್ಲಿದ್ದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ, ವಕೀಲರೊಬ್ಬರು, ಕೋರ್ಟು ಬಿಟ್ಟು ಒಕ್ಕಲುತನ ಹಿಡಿದಿದ್ದರು. ಸುತ್ತಲಿನ ಹಳ್ಳಿಗಳ ಜಗಳವೆಲ್ಲ ಅವರ ಕಟ್ಟೆಯ ಮೇಲೇ ಬಗೆಹರಿಯುತ್ತಿತ್ತು.

"ಕೋಟು ಎಲ್ಲೈತ್ರಿ ಸಾಹೇಬ್ರ?" ಎಂದೆ.

"ಜ್ವಾಳದ ಹೊಲದಾಗ ಐತಿ," ಎಂದರು.

ಹೋಗಿ ನೋಡಿದರೆ ಅದು ಬೆದರುಬೊಂಬೆಯ ಮೈಮೇಲಿತ್ತು. ಬಿಚ್ಚಲು ಕೈ ಹಾಕಿದ್ದೇ ತಡ, ವಕೀಲರ ಹೆಂಡತಿ ಅಡ್ಡ ಬಂದರು.

"ತೆನಿ ಈಗ ಕಾಳು ಕಟ್ಟ್ಯಾವ್ರಿ. ಕೋಟು ತಗದ್ರ ಗಿಳಿ ಬಂದು ಒಂದ ಕಾಳೂ ಉಳಸೂದಿಲ್ಲ."

ವಕೀಲರು ಎರಡೂ ಕಡೆಯ ವಾದ ಕೇಳಿದವರಂತೆ ಕಣ್ಣು ಮುಚ್ಚಿ ತೀರ್ಪು ಕೊಟ್ಟರು: "ಫೋಟೋ ಮುಗಿಯೂತನಕ ಬೊಂಬಿ ಜಾಗಾದಾಗ ಇವ್ರು ನಿಂದರ್ಲಿ."

ಎರಡೂ ಕೈ ಚಾಚಿ ನಿಂತೆ. ವಕೀಲರ ಕೋಟಿನ ಕಾಲರಿನಲ್ಲಿ ಉಳಿದ ಹುಲ್ಲುಕಡ್ಡಿಯೊಂದನ್ನು ಬಿಟ್ಟರೆ ಫೋಟೋ ಚೆನ್ನಾಗಿಯೇ ಬಂತು. ಗಿಳಿಗಳು ಮಾತ್ರ ನನ್ನ ಅಕ್ಕಪಕ್ಕದ ತೆನೆಗಳ ಮೇಲೆ ಕೂತು ನಿಶ್ಚಿಂತೆಯಿಂದ ತಿಂದವು. ನಾನು ಕಾನೂನು ಓದಿದವನಲ್ಲ ಎಂಬುದು ಅವಕ್ಕೆ ಹೇಗೆ ತಿಳಿಯಿತೋ.